ಒಳಹೋಗಿ ನೋಡುವ ಹಕ್ಕು: ಇಂಗ್ಲೆಂಡಿನ ಹೆಲ್ತ್‌ವಾಚ್ ಮತ್ತು ಹೊರಗಿನವರ ಕಣ್ಣು

ಇಂಗ್ಲೆಂಡಿನಲ್ಲಿ ಪ್ರತಿ ಪ್ರಮುಖ ಸ್ಥಳೀಯ ಕೌನ್ಸಿಲ್ಲಿನ ವ್ಯಾಪ್ತಿಗೆ ಒಂದರಂತೆ ನೂರೈವತ್ತಕ್ಕೂ ಹೆಚ್ಚು ಹೆಲ್ತ್‌ವಾಚ್ ಸಂಸ್ಥೆಗಳಿವೆ. 2012ರ ಆರೋಗ್ಯ ಮತ್ತು ಸಾಮಾಜಿಕ ಆರೈಕೆ ಕಾಯಿದೆಯಡಿ ರೂಪುಗೊಂಡ ಇವು 2013ರ ಏಪ್ರಿಲ್‌ನಲ್ಲಿ ಕೆಲಸ ಆರಂಭಿಸಿದವು. ಸಂಬಳದ ಸಿಬ್ಬಂದಿ ಹೆಚ್ಚಿನ ಕಡೆ ಬೆರಳೆಣಿಕೆಯಷ್ಟು. ಓಡಾಟದ ಕೆಲಸವನ್ನು ಬಹುಪಾಲು ಹೊರುವವರು ಊರಿನ ಸ್ವಯಂಸೇವಕರೇ. ಆಸ್ಪತ್ರೆಗೆ ದಂಡ ಹಾಕುವ ಅಥವಾ ವೃದ್ಧರ ಆರೈಕೆ ಕೇಂದ್ರವನ್ನು ಮುಚ್ಚಿಸುವ ಅಧಿಕಾರ ಇವರಿಗಿಲ್ಲ. ಅದು ಕೇರ್ ಕ್ವಾಲಿಟಿ ಕಮಿಷನ್ ಎಂಬ ನಿಯಂತ್ರಣ ಸಂಸ್ಥೆಯದು. ಹೆಲ್ತ್‌ವಾಚ್ ಮಾಡಬಹುದಾದದ್ದು ಮುಖ್ಯವಾಗಿ ಮೂರು: ಜನರ ಮಾತು ಕೇಳುವುದು, ಒಳಗೆ ಹೋಗಿ ನೋಡುವುದು, ಕಂಡದ್ದನ್ನು ಬರೆದು ಉತ್ತರ ಕೇಳುವುದು. ಶಿಕ್ಷಿಸಲಾಗದ ಕಾವಲು ಸಂಸ್ಥೆಯಿಂದ ಏನು ಪ್ರಯೋಜನ ಎಂಬ ಆಕ್ಷೇಪ ಹಳೆಯದು. ಇಂಥ ಸಂಸ್ಥೆಯ ಬಲವಿರುವುದು ಅದರ ಹೊರಗಿನತನದಲ್ಲಿ, ಮತ್ತು ಅರ್ಧ ಶತಮಾನದ ಪುನಾರಚನೆಗಳಲ್ಲಿ ಮತ್ತೆ ಮತ್ತೆ ಸವೆದದ್ದೂ ಅದೇ ಎಂಬುದು ನನ್ನ ವಾದ.

ಮೊದಲು ಭೇಟಿಯ ಬಗ್ಗೆ ನೋಡೋಣ. ಇದನ್ನು ಅಲ್ಲಿ ‘ಎಂಟರ್ ಅಂಡ್ ವ್ಯೂ’ ಎನ್ನುತ್ತಾರೆ. ಸ್ವಯಂಸೇವಕರಿಗೆ ತರಬೇತಿ ಕೊಟ್ಟು, ಹಿನ್ನೆಲೆ ಪರಿಶೀಲಿಸಿ, ಅಧಿಕೃತರೆಂದು ಹೆಸರು ಪ್ರಕಟಿಸಿದ ಮೇಲೆ ಕಳಿಸುತ್ತಾರೆ. ಸಾರ್ವಜನಿಕ ಹಣದಿಂದ ನಡೆಯುವ ಆರೋಗ್ಯ ಮತ್ತು ಆರೈಕೆ ಸೇವೆಗಳ ಜಾಗಕ್ಕೆ, ಮೊದಲೇ ತಿಳಿಸಿಯೋ ತಿಳಿಸದೆಯೋ, ಇವರು ಹೋಗಬಹುದು. ಮಕ್ಕಳ ಸಾಮಾಜಿಕ ಸೇವೆಗಳು ಇದರಿಂದ ಹೊರಗಿವೆ. ಆರೈಕೆ ಕೇಂದ್ರದ ಹಜಾರ, ಊಟದ ಕೋಣೆಗಳಂಥ ಸಾಮಾನ್ಯ ಜಾಗಗಳಿಗಷ್ಟೇ ಪ್ರವೇಶ. ನಿವಾಸಿಗಳ ಖಾಸಗಿ ಕೋಣೆಗಳಿಗೆ ಈ ಹಕ್ಕು ಅನ್ವಯಿಸುವುದಿಲ್ಲ. ಅಲ್ಲಿ ಅವರು ನೋಡುವುದು ಕಡತಗಳಿಗಿಂತ ಹೆಚ್ಚಾಗಿ ಸಣ್ಣ ಸಂಗತಿಗಳನ್ನು. ನೀರಿನ ಲೋಟ ಕೈಗೆ ಎಟುಕುವಂತಿದೆಯೇ? ಸಹಾಯಕ್ಕೆ ಒತ್ತುವ ಗಂಟೆಯ ಗುಂಡಿ ಕುರ್ಚಿಯ ಹಿಂದೆ ಜೋತುಬಿದ್ದಿದೆಯೇ? ಮರೆವಿನ ಕಾಯಿಲೆಯವರು ಕೂರುವ ಕೋಣೆಯ ಗಡಿಯಾರ ಸರಿಯಾದ ಸಮಯ ತೋರಿಸುತ್ತಿದೆಯೇ? ತುತ್ತು ತಿನ್ನಿಸುವಾಗ ಸಿಬ್ಬಂದಿ ಅಜ್ಜಿಯ ಮುಖ ನೋಡಿ ಮಾತಾಡುತ್ತಾರೋ, ಪಕ್ಕದ ಸಹೋದ್ಯೋಗಿಯೊಂದಿಗೋ? ಇಂಥದ್ದನ್ನು ಹಿಡಿಯಲು ವೈದ್ಯಕೀಯ ಪದವಿ ಬೇಕಿಲ್ಲ. ತಾಯಿಯನ್ನೋ ಗಂಡನನ್ನೋ ಕೊನೆಗಾಲದಲ್ಲಿ ನೋಡಿಕೊಂಡವರ ಕಣ್ಣು ಸಾಕು. ವರದಿ ಶಿಫಾರಸುಗಳೊಂದಿಗೆ ಪ್ರಕಟವಾಗುತ್ತದೆ. ಸೇವೆ ಒದಗಿಸುವವರು ಸಾಮಾನ್ಯವಾಗಿ 20 ಕೆಲಸದ ದಿನಗಳೊಳಗೆ ಅದಕ್ಕೆ ಉತ್ತರಿಸಬೇಕು. ನನ್ನ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯ ಜೀವ ಈ ಉತ್ತರದ ಬಾಧ್ಯತೆಯಲ್ಲಿದೆ.

ಇದು ಹೊಸ ಕಲ್ಪನೆಯಲ್ಲ. ಕಾರ್ಡಿಫ್‌ನ ಈಲಿ ಆಸ್ಪತ್ರೆಯಲ್ಲಿ ರೋಗಿಗಳನ್ನು ಹಿಂಸಿಸುತ್ತಿದ್ದಾರೆ ಎಂದು ಅಲ್ಲಿನ ನೌಕರನೊಬ್ಬ ಪತ್ರಿಕೆಗೆ ತಿಳಿಸಿದ್ದು 1967ರಲ್ಲಿ. ಜೆಫ್ರಿ ಹೌ ನೇತೃತ್ವದ ವಿಚಾರಣಾ ವರದಿ 1969ರಲ್ಲಿ ಹೊರಬಂತು. ಮುಚ್ಚಿದ ಬಾಗಿಲ ಹಿಂದಿನ ಆರೈಕೆಯನ್ನು ಹೊರಗಿನವರು ನೋಡಬೇಕು ಎಂಬ ಅರಿವು ಗಟ್ಟಿಯಾದ ಕಾಲವದು. 1974ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆಯ, ಅಂದರೆ ಎನ್‌ಎಚ್‌ಎಸ್‌ನ, ಪುನಾರಚನೆಯೊಂದಿಗೆ ಸಮುದಾಯ ಆರೋಗ್ಯ ಮಂಡಳಿಗಳು ಬಂದವು. ಅವುಗಳ ಸದಸ್ಯರಲ್ಲಿ ಅರ್ಧದಷ್ಟು ಜನ ಸ್ಥಳೀಯ ಆಡಳಿತದ ಪ್ರತಿನಿಧಿಗಳು, ಮೂರನೇ ಒಂದು ಭಾಗ ಸ್ವಯಂಸೇವಾ ಸಂಘಗಳವರು. ಆಸ್ಪತ್ರೆಗೆ ಭೇಟಿ ಕೊಡುವ ಹಕ್ಕಿನ ಜೊತೆಗೆ, ಆಸ್ಪತ್ರೆ ಮುಚ್ಚುವ ಪ್ರಸ್ತಾಪಕ್ಕೆ ಒಪ್ಪದೆ ಅದನ್ನು ಸಚಿವರವರೆಗೆ ಒಯ್ಯುವ ಶಕ್ತಿಯೂ ಅವಕ್ಕಿತ್ತು. ಅಧಿಕಾರಸ್ಥರಿಗೆ ಅದು ಇರಿಸುಮುರಿಸಿನ ಶಕ್ತಿ. 2003ರಲ್ಲಿ ಇಂಗ್ಲೆಂಡಿನಲ್ಲಿ ಅವನ್ನು ರದ್ದುಮಾಡಿದರು. ಅವುಗಳ ಬದಲಿಗೆ ಎನ್‌ಎಚ್‌ಎಸ್ ಟ್ರಸ್ಟ್‌ಗಳಿಗೊಂದರಂತೆ ರೋಗಿಗಳ ವೇದಿಕೆಗಳು ಬಂದವು. 2008ರಲ್ಲಿ ಅವೂ ಹೋಗಿ ‘ಲಿಂಕ್ಸ್’ ಎಂಬ ಸ್ಥಳೀಯ ಜಾಲಗಳು, 2013ರಲ್ಲಿ ಹೆಲ್ತ್‌ವಾಚ್. ಹತ್ತು ವರ್ಷದಲ್ಲಿ ಮೂರು ಬದಲಾವಣೆ. ಪ್ರತಿ ಸಲವೂ ಕಚೇರಿ, ಸಿಬ್ಬಂದಿಯ ಜೊತೆಗೆ ಯಾವ ವಾರ್ಡಿನಲ್ಲಿ ಏನು ನಡೆಯುತ್ತದೆಂಬ ಊರಿನ ನೆನಪೂ ಚದುರಿತು.

ಅದರ ಬೆಲೆ ಏನೆಂಬುದಕ್ಕೆ ಸ್ಟಾಫರ್ಡ್ ಆಸ್ಪತ್ರೆ ಸಾಕ್ಷಿ. 2005ರಿಂದ 2009ರವರೆಗೆ ಆ ಆಸ್ಪತ್ರೆಯಲ್ಲಿ ಊಟ, ನೀರು ರೋಗಿಗಳ ಕೈಗೆಟುಕದಂತೆ ಇಟ್ಟುಹೋಗುತ್ತಿದ್ದರು. ಕರೆದರೆ ಯಾರೂ ಬರುತ್ತಿರಲಿಲ್ಲ. ಕೊಳೆಯಾದ ಹಾಸಿಗೆಯಲ್ಲೇ ಜನ ಗಂಟೆಗಟ್ಟಲೆ ಮಲಗಿರುತ್ತಿದ್ದರು. ಮೇಲೆ ಹೇಳಿದ ಲೋಟ ಮತ್ತು ಗಂಟೆಯ ಪರೀಕ್ಷೆಯನ್ನು ಯಾರೂ ಕ್ಷುಲ್ಲಕ ಎನ್ನಬಾರದು. ಆಗ ಕಾನೂನುಬದ್ಧ ವೇದಿಕೆ ಊರಿನಲ್ಲಿ ಇದ್ದೇ ಇತ್ತು. ಆದರೂ ಕೊನೆಗೆ ವಿಷಯವನ್ನು ಬಯಲಿಗೆಳೆದವರಲ್ಲಿ ಮುಂಚೂಣಿಯಲ್ಲಿದ್ದದ್ದು, 2007ರಲ್ಲಿ ಅಲ್ಲಿ ತಾಯಿಯನ್ನು ಕಳೆದುಕೊಂಡ ಜೂಲಿ ಬೈಲಿ ಕಟ್ಟಿದ ‘ಕ್ಯೂರ್ ದಿ ಎನ್‌ಎಚ್‌ಎಸ್’ ಎಂಬ ಬಂಧುಗಳ ಗುಂಪು. 2013ರ ಫೆಬ್ರವರಿಯಲ್ಲಿ ಈ ಆಸ್ಪತ್ರೆಯ ಬಗ್ಗೆ ಬಂದ ರಾಬರ್ಟ್ ಫ್ರಾನ್ಸಿಸ್ ವಿಚಾರಣಾ ವರದಿ 290 ಶಿಫಾರಸು ಮಾಡಿತು. ಸಮುದಾಯ ಮಂಡಳಿಗಳ ಜಾಗಕ್ಕೆ ಬಂದ ಎರಡೂ ವ್ಯವಸ್ಥೆಗಳಿಂದ ಜನರ ದನಿ ಬಲಗೊಳ್ಳುವ ಬದಲು ಕುಗ್ಗಿತು ಎಂದು ಅದು ನೇರವಾಗಿಯೇ ಹೇಳಿತು. ಮುಂದೆ ಅದೇ ಫ್ರಾನ್ಸಿಸ್ ಹೆಲ್ತ್‌ವಾಚ್ ಇಂಗ್ಲೆಂಡಿನ ಅಧ್ಯಕ್ಷರೂ ಆದರು.

ಹೆಲ್ತ್‌ವಾಚ್‌ನ ರಚನೆಯಲ್ಲೇ ಒಂದು ತೊಡಕಿದೆ. ಸ್ಥಳೀಯ ಸಂಸ್ಥೆಗೆ ಹಣ ಕೊಡುವುದು, ಗುತ್ತಿಗೆ ನವೀಕರಿಸುವುದು ಕೌನ್ಸಿಲ್. ವೃದ್ಧರ, ಅಂಗವಿಕಲರ ಆರೈಕೆಯ ಹೊಣೆಯೂ ಅದೇ ಕೌನ್ಸಿಲ್ಲಿನದು. ಆ ಹಣ ಬೇರೆಡೆ ಹೋಗದಂತೆ ಕಾನೂನಿನ ತಡೆಯಿಲ್ಲ. ರಾಷ್ಟ್ರಮಟ್ಟದ ಹೆಲ್ತ್‌ವಾಚ್ ಇಂಗ್ಲೆಂಡ್ ಕೂಡ ಕೇರ್ ಕ್ವಾಲಿಟಿ ಕಮಿಷನ್ನಿನ ಒಂದು ಸಮಿತಿ. ಪ್ರಶ್ನಿಸಬೇಕಾದವರ ಕೈಯಿಂದಲೇ ವರ್ಷದ ಅನುದಾನ ಪಡೆಯುವ ಸಂಸ್ಥೆ ಎಷ್ಟು ಗಟ್ಟಿಯಾಗಿ ಮಾತಾಡೀತು?

ನಮ್ಮಲ್ಲೂ ಈ ಪ್ರಶ್ನೆ ಬಂದಿದೆ. ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಡಿ 2007ರಿಂದ ಒಂಬತ್ತು ರಾಜ್ಯಗಳಲ್ಲಿ ನಡೆದ ಸಮುದಾಯ ಮೇಲ್ವಿಚಾರಣೆಯ ಪ್ರಯೋಗದಲ್ಲಿ ಕರ್ನಾಟಕವೂ ಇತ್ತು. ಹಳ್ಳಿಯವರು ಹಸಿರು, ಹಳದಿ, ಕೆಂಪು ಬಣ್ಣಗಳಲ್ಲಿ ಸೇವೆಗೆ ಅಂಕ ಕೊಟ್ಟು, ಜನಸಂವಾದದಲ್ಲಿ ಅಧಿಕಾರಿಗಳಿಂದ ಉತ್ತರ ಕೇಳುತ್ತಿದ್ದರು. ಗ್ರಾಮ ಆರೋಗ್ಯ ಸಮಿತಿಗಳು ಇಂದಿಗೂ ಇವೆ. ಆದರೆ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಅವುಗಳ ಸದಸ್ಯ ಕಾರ್ಯದರ್ಶಿ ಆಶಾ ಕಾರ್ಯಕರ್ತೆ. ಇಲಾಖೆಯ ಪ್ರೋತ್ಸಾಹಧನವನ್ನೇ ನಂಬಿದ ಹೆಣ್ಣುಮಗಳ ಹೆಗಲಿಗೆ ಇಲಾಖೆಯನ್ನು ಪ್ರಶ್ನಿಸುವ ಭಾರವನ್ನೂ ಹೊರಿಸುವುದು ಆಕೆಗೂ ಊರಿಗೂ ಮಾಡುವ ಅನ್ಯಾಯ.

ಮತ್ತೆ ಇಂಗ್ಲೆಂಡಿಗೆ ಬರೋಣ. 2025ರ ಜುಲೈನಲ್ಲಿ ಪೆನ್ನಿ ಡ್ಯಾಶ್ ಅವರ ಪರಿಶೀಲನಾ ವರದಿ ಹೆಲ್ತ್‌ವಾಚ್ ವ್ಯವಸ್ಥೆಯನ್ನು ಕೊನೆಗಾಣಿಸಲು ಸೂಚಿಸಿತು, ಸರ್ಕಾರ ಒಪ್ಪಿತು. ಸ್ಥಳೀಯ ಹೆಲ್ತ್‌ವಾಚ್ ಸಂಸ್ಥೆಗಳ ಆರೋಗ್ಯದ ಕೆಲಸ ಎನ್‌ಎಚ್‌ಎಸ್‌ನ ಪ್ರಾದೇಶಿಕ ಮಂಡಳಿಗಳಿಗೆ, ಆರೈಕೆಯ ಕೆಲಸ ಕೌನ್ಸಿಲ್‌ಗಳಿಗೆ ಹೋಗಲಿದೆ. ಒಂದೇ ವಿಷಯಕ್ಕೆ ಹತ್ತಾರು ಸಂಸ್ಥೆಗಳು, ಶಿಫಾರಸುಗಳ ರಾಶಿ ಎಂಬ ಆ ವರದಿಯ ದೂರಿನಲ್ಲಿ ನಿಜವಿದೆ. ಆದರೆ ಸೇವೆಗೆ ಹಣ ಹಂಚುವವರೇ ಅದರ ಮೇಲಿನ ದೂರನ್ನೂ ಕೇಳಿಸಿಕೊಳ್ಳುವ ಏರ್ಪಾಡು ವರದಿಯ ಆ ದೂರಿಗೆ ಪರಿಹಾರವಾಗದು. ವೇಲ್ಸ್ ಬೇರೆ ದಾರಿ ಹಿಡಿಯಿತು. ಅಲ್ಲಿ 1974ರ ಮಂಡಳಿಗಳು 2023ರವರೆಗೂ ಉಳಿದು, ನಂತರ ‘ಲೈಸ್’ ಎಂಬ ಒಂದೇ ರಾಷ್ಟ್ರೀಯ ಸಂಸ್ಥೆಯಾದವು. ವ್ಯಾಪ್ತಿ ಸಾಮಾಜಿಕ ಆರೈಕೆಗೂ ಹಿಗ್ಗಿತು. ಆ ಬದಲಾವಣೆಯಲ್ಲೂ ತೀವ್ರ ಚರ್ಚೆಗೆ ಒಳಗಾದದ್ದು ಒಳಹೋಗುವ ಹಕ್ಕೇ: ಅದು ಕಾನೂನಿನಲ್ಲಿರಬೇಕೋ, ಪ್ರವೇಶದ ಸಂಹಿತೆಯೊಂದು ಸಾಕೋ ಎಂದು. ಇಂಗ್ಲೆಂಡಿನಲ್ಲಿ ರದ್ದತಿಗೆ ಸಂಸತ್ತಿನ ಕಾಯಿದೆ ಬೇಕು. ಕರಡು ಬಂದಾಗ ಸಂಶೋಧಕರು ಮೊದಲು ಹುಡುಕಬೇಕಾದದ್ದು ಸ್ವಯಂಸೇವಕರಿಗೆ ಬಾಗಿಲು ತೆರೆಯಲೇಬೇಕು ಎಂಬ ಕಟ್ಟಳೆಯನ್ನು. ಅದು ಅಲ್ಲಿಲ್ಲದಿದ್ದರೆ, ಮುಂದೆ ಆರೈಕೆ ಕೇಂದ್ರದ ಊಟದ ಕೋಣೆಗೆ ಹೋಗುವವರು ವ್ಯವಸ್ಥಾಪಕರ ಅನುಮತಿಗೆ ಕಾಯಬೇಕಾಗುತ್ತದೆ.