ಗೋಡೆಯ ಮೇಲೊಂದು ಗೇಲಿ

ದೊಡ್ಡಬಳ್ಳಾಪುರದ ಜಹಗೀರುದಾರ ಅಬ್ಬಾಸ್ ಖುಲಿ ಖಾನ್, ಯುದ್ಧದಲ್ಲಿ ಮಡಿದ ಸರದಾರನೊಬ್ಬನ ಮನೆಯವರಿಂದ ಹಣ ಕಕ್ಕಿಸಲು ಅವನ ಇಬ್ಬರು ಎಳೆಯ ಮಕ್ಕಳನ್ನು ನಗಾರಿಯೊಳಗೆ ಕೂಡಿ, ಚರ್ಮ ಬಿಗಿದು ಹಿಂಸಿಸಿದನೆಂದು ಮೈಸೂರಿನ ಇತಿಹಾಸ ಬರೆದ ವಿಲ್ಕ್ಸ್ ಹೇಳುತ್ತಾನೆ. ಆ ಮಕ್ಕಳಲ್ಲಿ ಕಿರಿಯವನೇ ಹೈದರಾಲಿ. 1761ರಲ್ಲಿ ಹೈದರ್ ದೊಡ್ಡಬಳ್ಳಾಪುರಕ್ಕೆ ದಂಡೆತ್ತಿ ಬಂದಾಗ ಖಾನ್ ಮದರಾಸಿಗೆ ಪಲಾಯನ ಮಾಡಿದ. ಅವಮಾನವನ್ನು ಮರೆಯುವ ಮನೆತನ ಅದಾಗಿರಲಿಲ್ಲ. ಹತ್ತಿರದ ದೇವನಹಳ್ಳಿಯಲ್ಲಿ ಹುಟ್ಟಿದ ಹೈದರನ ಮಗ ಟಿಪ್ಪುವಿನ ಕಾಲಕ್ಕೆ ಆ ಹಗೆ ಬಣ್ಣದಲ್ಲೂ ಮೂಡಿತು.

ಶ್ರೀರಂಗಪಟ್ಟಣದ ಕೋಟೆಯ ಹೊರಗೆ, ಕಾವೇರಿಯ ದಡದ ತೋಟದಲ್ಲಿರುವ ದರಿಯಾ ದೌಲತ್ 1784ರಲ್ಲಿ ಸಿದ್ಧವಾಯಿತು. ರಾಜ್ಯಭಾರದ ಅರಮನೆ ಕೋಟೆಯೊಳಗಿತ್ತು. ಇದು ಬೇಸಿಗೆಯ ವಿಹಾರದ ಮನೆ. ಇದರ ಪಶ್ಚಿಮದ ಗೋಡೆಯ ಮೇಲೆ ಪೊಳ್ಳಿಲೂರಿನ ಕಾಳಗವಿದೆ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಸಮೀಪ ಕರ್ನಲ್ ಬೇಲಿಯ ತುಕಡಿಯನ್ನು ಮೈಸೂರಿನ ಸೈನ್ಯ ನುಚ್ಚುನೂರು ಮಾಡಿದ ದಿನವದು.

ರಣಚಿತ್ರವೆಂದರೆ ರಕ್ತಪಾತವಷ್ಟೇ ಎಂದುಕೊಂಡು ಹೋದವರಿಗೆ ಇಲ್ಲಿ ನಗೆ ಬರುತ್ತದೆ. ರುಂಡಗಳು ಉರುಳುತ್ತಿವೆ, ಮದ್ದಿನ ಬಂಡಿ ಸಿಡಿಯುತ್ತಿದೆ. ಅದರ ನಡುವೆ ಟಿಪ್ಪು ಗುಲಾಬಿಯ ಪರಿಮಳ ಸವಿಯುತ್ತ ತೋಟ ನೋಡಲು ಹೊರಟವನಂತಿದ್ದಾನೆ. ಕರ್ನಲ್ ಬೇಲಿಯೋ, ಸುತ್ತಲೂ ಕಟ್ಟಿದ ಸಿಪಾಯಿಗಳ ಕೋಟೆಯೊಳಗೆ ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚುತ್ತಿದ್ದಾನೆ! ನಿಜಾಮನಿಗೆ ಸಿಕ್ಕ ಮರ್ಯಾದೆ ಇನ್ನೂ ಚೆನ್ನ. ಇಂಗ್ಲಿಷರ ವಿರುದ್ಧ ಮೈತ್ರಿಗೆ ಸೇರಿ ಆಮೇಲೆ ನುಣುಚಿಕೊಂಡ ಆತನ ದಂಡಿನ ಬಳಿ ಒಂದು ಹಂದಿ, ಒಂದು ಹಸು. ಹಂದಿಯಂತೆ ನುಗ್ಗಿ ಬಂದವನು ಹಸುವಿನಂತೆ ಮರಳಿದ ಎಂದು ಅಲ್ಲಿನವರು ಅರ್ಥ ಹೇಳುತ್ತಾರೆ. ಆಡಿ ತೋರಿಸಲಾಗದ್ದನ್ನು ಬರೆದು ತೋರಿಸಿದ ಚಿತ್ರಗಾರನ ಹೆಸರು ಮಾತ್ರ ಚಿತ್ರದಲ್ಲಿ ಉಳಿದಿಲ್ಲ.

ಈ ಗೇಲಿಗೆ ಒಂದು ಕಹಿಯೂ ಇದೆ. ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಬಂದ ಬೇಲಿ, ಅದೇ ಊರಿನಲ್ಲಿ 1782ರಲ್ಲಿ ಸತ್ತ. ಎಂದರೆ, ಬಣ್ಣ ಬೀಳುವ ಹೊತ್ತಿಗೆ ನಗೆಗೀಡಾದವನೇ ಇರಲಿಲ್ಲ.

ಕಾಲ ತಿರುಗಿತು. ಇಂಗ್ಲಿಷರ ಮುತ್ತಿಗೆಗೆ ಮುಂಚೆ ಟಿಪ್ಪುವೇ ಚಿತ್ರಕ್ಕೆ ಸುಣ್ಣ ಬಳಿಸಿದ್ದನೆಂದು ಹೇಳುತ್ತಾರೆ. ಅವನು ಮಡಿದ 1799ರ ನಂತರ ಆ ಮನೆಯಲ್ಲಿ ವಾಸಕ್ಕಿಳಿದ ಆರ್ಥರ್ ವೆಲ್ಲೆಸ್ಲಿ ಅದನ್ನು ಮತ್ತೆ ಬರೆಸಿದ. ತನ್ನವರ ಸೋಲನ್ನೇ ಗೋಡೆಯ ಮೇಲೆ ಉಳಿಸಿಕೊಂಡ ಗೆದ್ದವನ ಆ ಮನಸ್ಸು ಅಚ್ಚರಿಯದು. ಮುಂದೆ ಮಾಸಿದ ಚಿತ್ರವನ್ನು ಡಾಲ್‌ಹೌಸಿ (1848-56) ಗವರ್ನರ್ ಜನರಲ್ ಆಗಿದ್ದಾಗ, ಮೂಲವನ್ನು ನೆನಪಿಟ್ಟಿದ್ದ ಸ್ಥಳೀಯ ಚಿತ್ರಗಾರನೊಬ್ಬನಿಂದ ಸರಿಪಡಿಸಲಾಯಿತು. ಆದ್ದರಿಂದ ಇಂದು ಕಾಣುವ ಗೆರೆಗಳಲ್ಲಿ ಮೊದಲ ಕೈ ಯಾವುದು, ನಂತರದ ಕೈ ಯಾವುದು ಎಂದು ಬೇರ್ಪಡಿಸುವುದು ಕಷ್ಟ. ಇದೇ ಕಾಳಗವನ್ನು ಕಾಗದದ ಮೇಲೆ ಬರೆದ 32 ಅಡಿ ಉದ್ದದ ಚಿತ್ರವೊಂದು 2022ರಲ್ಲಿ ಲಂಡನ್ನಿನ ಹರಾಜಿನಲ್ಲಿ 6,30,000 ಪೌಂಡಿಗೆ ಮಾರಾಟವಾಯಿತು.

ಬೇಲಿಗೂ ಶ್ರೀರಂಗಪಟ್ಟಣದಲ್ಲಿ ಸ್ಮಾರಕವಿದೆ. 1816ರಲ್ಲಿ ಅವನ ಸೋದರಳಿಯ ಕಟ್ಟಿಸಿದ್ದು. ಹೈದರ್ ಮತ್ತು ಟಿಪ್ಪು ಮಲಗಿರುವ ಗುಂಬಜ್‌ಗೆ ತೀರ ಹತ್ತಿರ.