ಜಿರಾಫೆಯ ಕತ್ತು ಮತ್ತು ಅಜ್ಜನ ಮನೆಯ ಮೋಲ್ಡು

ಮೊನ್ನೆ ರಾತ್ರಿ ಆಫೀಸಿನಲ್ಲಿ ಬಿಲ್ಡ್ ಮುಗಿಯೋದನ್ನ ಕಾಯ್ತಾ ಕಿಟಕಿ ಹತ್ತಿರ ನಿಂತಿದ್ದೆ. ಪಕ್ಕದ ಸೈಟಿನಲ್ಲಿ ಕಾಂಕ್ರೀಟ್ ಹಾಕ್ತಾ ಇದ್ರು. ಲಾರಿಯ ಬೆನ್ನಿನಿಂದ ಎದ್ದ ಉದ್ದನೆಯ ಕೈಯೊಂದು ಕಾಂಪೌಂಡು ದಾಟಿ, ಮರ ದಾಟಿ, ಮೂರನೇ ಮಹಡಿಯ ಕಂಬಿಗಳ ಮೇಲೆ ಬಾಗಿತ್ತು. ಮೇಲೆ ನಾಲ್ಕೈದು ಜನ ಇದ್ರೆ ಹೆಚ್ಚು.

ನನಗೆ ಅಜ್ಜನ ಮನೆಯ ಮೋಲ್ಡ್ ಹಾಕಿದ ದಿನ ನೆನಪಾಯ್ತು. ಆಗ ನಾನು ಎರಡನೇ ಕ್ಲಾಸು. ಬೆಳಿಗ್ಗೆ ಆರಕ್ಕೇ ಮಿಕ್ಸರ್ ಸದ್ದು. ಸಾರುವೆ ಮೇಲೆ ಒಬ್ಬರ ಮೇಲೊಬ್ಬರಂತೆ ನಿಂತ ಹೆಂಗಸರು, ಗಂಡಸರು. ಕೈಯಿಂದ ಕೈಗೆ ಬಾಂಡ್ಲಿ. ತುಂಬಿದ್ದು ಮೇಲೆ ಹೋಗೋದು, ಖಾಲಿಯಾದದ್ದು ಕೆಳಗೆ ಬೀಳೋದು. ಮಧ್ಯೆ ನಿಲ್ಲಿಸೋ ಹಾಗಿಲ್ಲ, ಕಾಂಕ್ರೀಟ್ ಗಟ್ಟಿಯಾಗುತ್ತೆ ಅಂತ ಮೇಸ್ತ್ರಿ ಕೂಗ್ತಾನೇ ಇದ್ದ. ಸಂಜೆ ಎಲ್ಲರಿಗೂ ಊಟ. ಊಟಕ್ಕೆ ಮುಂಚೆ ಒಬ್ಬಾಕೆ ಅಜ್ಜಿ ಹತ್ತಿರ ಬಂದು "ಅಮ್ಮಾ, ಒಂಚೂರು ಕೊಬ್ರಿ ಎಣ್ಣೆ ಇದ್ರೆ ಕೊಡಿ" ಅಂದ್ರು. ಸಿಮೆಂಟು ತಿಂದು ಅವರ ಬೆರಳ ಸಂದಿಯೆಲ್ಲ ಕೆಂಪಾಗಿ ಬಿರಿದಿತ್ತು.

ನಾನು ಓದಿದ್ದು ಮೆಕ್ಯಾನಿಕಲ್, ಹೊಟ್ಟೆಪಾಡಿಗೆ ಕುಟ್ಟೋದು ಕೀಬೋರ್ಡು. ಹಾಗಾಗಿ ಈ ಪಂಪಿನ ಕಥೆ ಹುಡುಕಿಕೊಂಡು ಕೂತೆ.

ಕಾಂಕ್ರೀಟನ್ನ ಪೈಪಿನಲ್ಲಿ ಕಳಿಸೋದು ನೀರು ಕಳಿಸಿದಷ್ಟು ಸುಲಭ ಅಲ್ಲ. ಅದರಲ್ಲಿ ಜಲ್ಲಿ ಇದೆ. ಸಣ್ಣ ಪುಡಿ ಕಡಿಮೆಯಾದ್ರೆ, ಒತ್ತಿದ ಕೂಡಲೇ ನೀರು ಮುಂದೆ ಹೋಗಿ ಜಲ್ಲಿ ಹಿಂದೆ ಉಳಿದು ಪೈಪು ಕಟ್ಟಿಕೊಳ್ಳುತ್ತೆ. ಅದಕ್ಕೇ ಮೊದಲು ಬರೀ ಸಿಮೆಂಟಿನ ಗಂಜಿಯನ್ನ ಕಳಿಸಿ ಪೈಪಿನ ಒಳಗೋಡೆ ಜಾರುವ ಹಾಗೆ ಮಾಡ್ತಾರೆ. ಆಮೇಲೆ ಕಾಂಕ್ರೀಟು ಗೋಡೆಗಂಟಿದ ಆ ತೆಳು ಪದರದ ಮೇಲೆ ಇಡಿಯಾಗಿ ಜಾರಿಕೊಂಡು ಹೋಗುತ್ತೆ. ನಮ್ಮ ಪೈಪ್‌ಲೈನ್ ಕಟ್ಟಿಕೊಂಡ್ರೆ ರೀಸ್ಟಾರ್ಟ್ ಮಾಡ್ತೀವಿ. ಅವರು ಪೈಪನ್ನೇ ಬಿಚ್ಚಬೇಕು, ಅದೂ ಒಳಗಿರೋದು ಕಲ್ಲಾಗೋ ಮೊದಲು :-)

1927ರಲ್ಲಿ ಜರ್ಮನಿಯ ಮ್ಯಾಕ್ಸ್ ಗೀಸೆ ಮತ್ತು ಫ್ರಿಟ್ಸ್ ಹೆಲ್ ಅನ್ನೋರು ಕಾಂಕ್ರೀಟನ್ನ 38 ಮೀಟರ್ ಎತ್ತರಕ್ಕೆ, 120 ಮೀಟರ್ ದೂರಕ್ಕೆ ಪಂಪ್ ಮಾಡಿ ತೋರಿಸಿದ್ರು. 1950ರ ದಶಕದಲ್ಲಿ ಎಣ್ಣೆಯ ಒತ್ತಡದಿಂದ ನಡೆಯೋ ಜೋಡಿ ಸಿಲಿಂಡರಿನ ಪಂಪು ಬಂತು. ಒಂದು ಸಿಲಿಂಡರ್ ಕಾಂಕ್ರೀಟನ್ನ ಎಳೆದುಕೊಳ್ಳೋವಾಗ ಇನ್ನೊಂದು ನೂಕುತ್ತೆ. ಇವತ್ತಿಗೂ ಮೂಲ ತತ್ವ ಅದೇ.

ಅಲ್ಲಿಂದ ಎತ್ತರದ ಪಂದ್ಯ ಶುರು. 1994ರಲ್ಲಿ ಇಟಲಿಯ ರೀವಾ ದೆಲ್ ಗಾರ್ದಾ ವಿದ್ಯುತ್ ಸ್ಥಾವರದಲ್ಲಿ 532 ಮೀಟರ್. 2008ರಲ್ಲಿ ದುಬೈನ ಬುರ್ಜ್ ಖಲೀಫಾದಲ್ಲಿ 606 ಮೀಟರ್. ಮರುಭೂಮಿಯ ಬಿಸಿಲಿಗೆ ಬೇಗ ಗಟ್ಟಿಯಾಗದಿರಲಿ ಅಂತ ಬೇಸಿಗೆಯಲ್ಲಿ ಅಲ್ಲಿ ಐಸ್ ಬೆರೆಸಿ ರಾತ್ರಿ ಹೊತ್ತು ಹಾಕ್ತಿದ್ರಂತೆ. 2009ರ ಆಗಸ್ಟಿನಲ್ಲಿ ಆ ದಾಖಲೆ ಮುರಿದದ್ದು ನಮ್ಮ ದೇಶದಲ್ಲೇ. ಹಿಮಾಚಲದ ಸುಯಿಂದ್ ಹಳ್ಳಿ ಹತ್ತಿರ ಪಾರ್ಬತಿ ಜಲವಿದ್ಯುತ್ ಯೋಜನೆಯಲ್ಲಿ, 715 ಮೀಟರ್! ಬುರ್ಜ್ ಖಲೀಫಾ ಗೊತ್ತಿರೋ ನಮಗೆ ಇದು ಗೊತ್ತೇ ಇಲ್ಲ ನೋಡಿ.

ಆದ್ರೆ ನನ್ನನ್ನ ಹಿಡಿದು ನಿಲ್ಲಿಸಿದ್ದು ಎತ್ತರದ ಲೆಕ್ಕ ಅಲ್ಲ. ಮನುಷ್ಯ ಹೋಗಿ ನಿಲ್ಲಲೇಬಾರದ ಜಾಗಗಳ ಕಥೆ.

1986ರ ಏಪ್ರಿಲ್ 26ರಂದು ಚೆರ್ನೋಬಿಲ್‌ನ ನಾಲ್ಕನೇ ರಿಯಾಕ್ಟರ್ ಸಿಡಿಯಿತು. ಅದನ್ನ ಮುಚ್ಚೋಕೆ ಅದೇ ವರ್ಷ ನವೆಂಬರಿನೊಳಗೆ ಲಕ್ಷಗಟ್ಟಲೆ ಘನ ಮೀಟರ್ ಕಾಂಕ್ರೀಟ್ ಸುರಿದ್ರು. ಜರ್ಮನಿಯ ಪುಟ್ಸ್‌ಮೈಸ್ಟರ್ ಪಂಪುಗಳನ್ನೂ ಅಲ್ಲಿಗೆ ತರಿಸಿದ್ರು.

ಇಪ್ಪತ್ತೈದು ವರ್ಷದ ನಂತರ ಫುಕುಶಿಮಾ. 2011ರ ಮಾರ್ಚ್ 11ರ ಸುನಾಮಿಯಿಂದ ಕರೆಂಟ್ ಹೋಯ್ತು, ತಣ್ಣಗಾಗಿಸೋ ವ್ಯವಸ್ಥೆ ನಿಂತಿತು. ನಾಲ್ಕನೇ ರಿಯಾಕ್ಟರ್ ದುರಸ್ತಿಗೆ ಅಂತ ನಿಂತಿತ್ತು, ಅದರ ಇಂಧನವೆಲ್ಲ ಕಟ್ಟಡದ ಮೇಲುಭಾಗದ ನೀರಿನ ಕೊಳದಲ್ಲಿತ್ತು. ಒಟ್ಟು 1,535 ಕಟ್ಟುಗಳು. ಮಾರ್ಚ್ 15ರ ಸ್ಫೋಟದಲ್ಲಿ ಸೂರು ಹಾರಿತು. ಕೊಳದ ನೀರು ಬತ್ತಿದ್ರೆ ಗತಿಯೇನು ಅಂತ ಜಗತ್ತೆಲ್ಲ ಗಾಬರಿ. 17ರಂದು ಹೆಲಿಕಾಪ್ಟರಿನಿಂದ ಪಕ್ಕದ ಮೂರನೇ ಘಟಕದ ಮೇಲೆ ನೀರು ಸುರಿದ್ರೆ ಬಹಳಷ್ಟು ಗಾಳಿಗೆ ಚದುರಿ ಹೋಯ್ತು. ಫೈರ್ ಎಂಜಿನ್ನುಗಳು ಕೆಳಗಿನಿಂದ ಚಿಮ್ಮಿಸೋ ನೀರು ಕೊಳಕ್ಕೆ ಎಷ್ಟು ಬೀಳ್ತಿದೆ ಅಂತ ಕಾಣೋದಿಲ್ಲ.

ಆಗ ಯಾರಿಗೋ ಕಾಂಕ್ರೀಟ್ ಪಂಪು ಹೊಳೆಯಿತು. ಐದು ಮಡಿಕೆಯ, 58 ಮೀಟರ್ ಉದ್ದದ ಕೈ ಇರೋ ಲಾರಿ. ಮಾರ್ಚ್ 22ರಂದು ಅದು ಮುರಿದ ಗೋಡೆಗಳ ಮೇಲಿಂದ ಬಾಗಿ ಕೊಳಕ್ಕೇ ನೀರು ಬಿಟ್ಟಿತು. ಕೆಲಸಗಾರರು ಅದಕ್ಕಿಟ್ಟ ಹೆಸರು ಜಿರಾಫೆ. ಏಪ್ರಿಲ್ 12ರಂದು ಕಾಂಕ್ರೀಟ್ ಪಂಪಿನ ಕೈಯಿಂದಲೇ ಕೊಳದ ನೀರಿನ ಸ್ಯಾಂಪಲ್ ತೆಗೆದ್ರು. ಇಂಧನ ಬಹುಪಾಲು ಕೆಟ್ಟಿಲ್ಲ ಅಂತ ಗೊತ್ತಾಯ್ತು. ಇನ್ನೂ ಉದ್ದ ಕೈಯ ಪಂಪುಗಳು ಅಮೆರಿಕದಿಂದ ದೈತ್ಯ ವಿಮಾನಗಳಲ್ಲಿ ಬಂದವು. 2014ರ ಡಿಸೆಂಬರಿನಲ್ಲಿ ಆ ಕೊಳದ ಇಂಧನವನ್ನೆಲ್ಲ ತೆಗೆದು ಮುಗಿಸಿದ್ರು.

ಓದ್ತಾ ಓದ್ತಾ ಖುಷಿಯಾಯ್ತು. ಆಮೇಲೆ ಸ್ವಲ್ಪ ಕಸಿವಿಸಿಯೂ ಆಯ್ತು. ಅಪಾಯ ಊರಿಗೆಲ್ಲ ಬಂದಾಗ ವಿಮಾನದಲ್ಲಿ ಲಾರಿ ಬರುತ್ತೆ. ಅಪಾಯ ಬರೀ ಹತ್ತು ಬೆರಳಿಗೆ ಬಂದಾಗ? ಪಂಪು ಹುಟ್ಟಿದ್ದು ಸಮಯ, ಕೂಲಿ ಉಳಿಸೋಕೆ. ಕೈ ಉಳಿದದ್ದು ಜೊತೆಗೆ ಸಿಕ್ಕ ಲಾಭ. ಅದೂ ದೊಡ್ಡ ಸೈಟುಗಳಲ್ಲಿ. ನಮ್ಮೂರಿನ ಗಲ್ಲಿಗಳಿಗೆ ಆ ಲಾರಿ ತಿರುಗೋದೇ ಇಲ್ಲ. ಹೋದ ದೀಪಾವಳಿಗೆ ಊರಿಗೆ ಹೋದಾಗ ಹಿಂದಿನ ಬೀದಿಯಲ್ಲಿ ಮೋಲ್ಡ್ ಇತ್ತು. ಮಿಕ್ಸರ್ ಪಕ್ಕದಲ್ಲಿ ಲಿಫ್ಟ್ ಬಂದಿದೆ. ಆದ್ರೂ ಮೇಲೆ ಬಾಂಡ್ಲಿ ಹೊರುತ್ತಿದ್ದವರ ಕೈ ಬರಿಗೈಯೇ.

ಅಜ್ಜನ ಮನೆಯ ಮೋಲ್ಡಿನ ಖರ್ಚಿನ ಪುಸ್ತಕ ಇನ್ನೂ ನಮ್ಮನೆಯಲ್ಲಿದೆ. ಸಿಮೆಂಟು, ಕಂಬಿ, ಜಲ್ಲಿ, ಊಟದ ಅಕ್ಕಿ, ಬೆಲ್ಲ ಎಲ್ಲದರ ಲೆಕ್ಕ ಇದೆ. ಒಂದು ಜೊತೆ ರಬ್ಬರ್ ಗ್ಲೌಸಿನ ಲೆಕ್ಕ ಇಲ್ಲ. ಅಜ್ಜ ಕೆಟ್ಟವರಲ್ಲ, ಯಾರಿಗೂ ಹೊಳೆಯಲಿಲ್ಲ ಅಷ್ಟೇ.

ಮುಂದಿನ ವರ್ಷ ಆ ಮನೆ ಮೇಲೆ ಒಂದು ರೂಮು ಕಟ್ಟಿಸೋಣ ಅಂತ ಅಪ್ಪ ಅಂತಿದ್ದಾರೆ. ಪಂಪು ಬರೋಲ್ಲ, ಗೊತ್ತು. ಗ್ಲೌಸು ಮಾತ್ರ ನಾನೇ ಬೆಂಗಳೂರಿಂದ ತಗೊಂಡು ಹೋಗ್ತೀನಿ. ನಿಮ್ಮ ಮನೆ ಮೋಲ್ಡಿನ ದಿನ ಹೇಗಿತ್ತು? ನೆನಪಿದ್ರೆ ಬರೀರಿ.