ಪಡವು ನೀರಿಗಿಳಿಯುವ ಮುನ್ನ

ಹಿಮ ಬೀಳುವ ದೇಶಗಳಲ್ಲಿ ಹಾಯಿದೋಣಿಗಳು ಚಳಿಗಾಲವನ್ನು ದಡದ ಮೇಲೆ ಕಳೆದು ವಸಂತಋತುವಿನಲ್ಲಿ ನೀರಿಗಿಳಿಯುತ್ತವೆ. ನಮ್ಮ ಕರಾವಳಿಯ ಪಡವುಗಳಿಗೆ ಆ ವಸಂತ ಬರುತ್ತಿದ್ದುದು ಶ್ರಾವಣದಲ್ಲಿ. ಜೂನ್ ಆರಂಭದಲ್ಲಿ ನೈಋತ್ಯ ಮಾರುತ ಅಪ್ಪಳಿಸಿತೆಂದರೆ ಮಂಗಳೂರಿನಿಂದ ಕುಂಬಳೆ, ಕಾಸರಗೋಡು, ಬೇಕಲದವರೆಗಿನ ಅಳಿವೆಗಳೆಲ್ಲ ಮುಚ್ಚಿದಂತೆಯೇ. ಮಳೆ ತಗ್ಗುವವರೆಗೆ ವ್ಯಾಪಾರದ ಹಾಯಿ ಬಿಚ್ಚುವಂತಿರಲಿಲ್ಲ. ಇತಿಹಾಸದ ಪುಸ್ತಕಗಳು ಈ ತಿಂಗಳುಗಳನ್ನು ಸಮುದ್ರಯಾನ ಸ್ಥಗಿತವಾಗಿತ್ತೆಂಬ ಒಂದೇ ಮಾತಿನಲ್ಲಿ ದಾಟಿಬಿಡುತ್ತವೆ. ಬಾರಕೂರು, ಬಸರೂರುಗಳ ಅಕ್ಕಿ, ಮೆಣಸು, ಸುಂಕ, ಪೋರ್ಚುಗೀಸರ ಕಾಟ ಇವೆಲ್ಲವೂ ಅಲ್ಲಿ ಸಿಗುತ್ತವೆ. ಆ ಅಕ್ಕಿಯ ಮುಡಿಗಳನ್ನು ಹೊತ್ತ ಮರವು ವರ್ಷವರ್ಷವೂ ಹೇಗೆ ಮತ್ತೆ ಕಡಲಿಗೆ ಯೋಗ್ಯವಾಯಿತೆಂಬುದು ಸಿಗುವುದಿಲ್ಲ. ಬಂದರುಗಳ ವೈಭವವೆಲ್ಲ ನಿಂತಿದ್ದುದು ಈ ಮಳೆಗಾಲದ ದುಡಿಮೆಯ ಮೇಲೆ ಎಂದೇ ನಾವು ತಿಳಿಯುತ್ತೇವೆ.

ಆ ದುಡಿಮೆಯ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಅಮಾವಾಸ್ಯೆ, ಹುಣ್ಣಿಮೆಗಳ ದೊಡ್ಡ ಭರತ ನೋಡಿಕೊಂಡು ಪಡವನ್ನು ಹೊಳೆಯೊಳಕ್ಕೆ ತರುವುದು, ದಿಮ್ಮಿಗಳ ಮೇಲೆ ಉರುಳಿಸಿ ದಡಕ್ಕೆಳೆಯುವುದು, ತೆಂಗಿನ ಮಡಲಿನ ಚಪ್ಪರ ಹೊದಿಸುವುದು ಮೊದಲ ಹಂತ. ಹೊಳೆಯೊಳಕ್ಕೆ ತರುವುದರಲ್ಲಿ ಇನ್ನೊಂದು ಜಾಣ್ಮೆಯೂ ಇತ್ತು. ಉಪ್ಪುನೀರಿನಲ್ಲಿ ಮರ ಕೊರೆಯುವ ಹುಳುವೊಂದಿದೆ. ಹೆಸರಿಗೆ ಹುಳುವಾದರೂ ಕುಲದಲ್ಲಿ ಅದು ಚಿಪ್ಪಿನ ಜೀವಿ. ಮಳೆಗಾಲದ ಹೊಳೆಯ ಸಿಹಿನೀರು ಅದಕ್ಕೆ ಆಗದು. ಉಳಿದವುಗಳಿಗೆ ಬೆಂಕಿಯೇ ಮದ್ದು. ತಳಕ್ಕೆ ಅಂಟಿದ ಚಿಪ್ಪು, ಪಾಚಿಗಳನ್ನು ಹೆರೆದು, ಒಣಮಡಲಿನ ಉರಿಯನ್ನು ಹಲಗೆಗಳ ಕೆಳಗೆ ಆಡಿಸುತ್ತಿದ್ದರು. ಮರ ಸುಡಬಾರದು, ಹುಳು ಉಳಿಯಬಾರದು. ಆ ಹದ ಕೈಗೆ ಗೊತ್ತಿರಬೇಕಾದದ್ದು, ಕಾಗದದಲ್ಲಿ ಬರೆದಿಡುವಂಥದ್ದಲ್ಲ.

ಬಳಿಕ ಹಲಗೆಗಳ ಸಂದಿಗೆ ಹತ್ತಿಯನ್ನೋ ನಾರನ್ನೋ ಉಳಿಯಿಂದ ಬಡಿದು ತುಂಬಿ, ಘಟ್ಟದ ಕಾಡುಗಳ ಧೂಪದ ಮರಗಳಿಂದ ಇಳಿಸಿದ ರಾಳವನ್ನು ಎಣ್ಣೆಯಲ್ಲಿ ಕಾಯಿಸಿ ಮೆತ್ತುತ್ತಿದ್ದರು. ನೀರಿನೊಳಗಿರುವ ತಳಕ್ಕೆ ಸುಣ್ಣ ಮತ್ತು ಎಣ್ಣೆ ಕಲಸಿದ ಲೇಪ. ಮೇಲಿನ ಹಲಗೆಗಳಿಗೆ ಬೂತಾಯಿ ಮೀನಿನ ಎಣ್ಣೆ. ಒಣಗಿದ ಮರವಷ್ಟೇ ಎಣ್ಣೆ ಕುಡಿಯುತ್ತದೆಯಾದ್ದರಿಂದ ಬಿಸಿಲಿನ ತೆರಪು ಸಿಕ್ಕಿದಾಗ ಮಾತ್ರ ಇದು ಸಾಧ್ಯ. ಆಟಿಯ ಜಡಿಮಳೆಯಲ್ಲಿ ಹಾಯಿ ಹೊಲಿಯುವ, ಹಗ್ಗ ಹೊಸೆಯುವ ಕೆಲಸ ನಡೆಯುತ್ತಿತ್ತು. ಮುರಿದ ಕೂವೆಮರಕ್ಕೆ ಬದಲಿ ಬೇಕಾದರೆ ಘಟ್ಟದ ಹೊನ್ನೆ ಜಾತಿಯ ನೇರ ಕಾಂಡವೇ ಆಗಬೇಕು. 19ನೆಯ ಶತಮಾನದ ಅರಣ್ಯ ವರದಿಗಳು ‘ಪೂನ್’ ಎಂದು ಕರೆಯುವ ಕೆನರಾದ ಈ ಮರಕ್ಕೆ ಹೊರಗಿನ ಹಡಗುಕಟ್ಟೆಗಳಲ್ಲಿಯೂ ಬೇಡಿಕೆಯಿತ್ತು.

ನೂಲಹುಣ್ಣಿಮೆಯ ವೇಳೆಗೆ ಮೊಗವೀರರು ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಸಮುದ್ರಪೂಜೆ ನಡೆಸುವುದು ಇಂದಿಗೂ ಇದೆ. ಆಮೇಲೆ ಪಡವು ಇಳಿಯಬಹುದು. ಇಳಿದ ಮೊದಲ ದಿನ ಎಷ್ಟೇ ಚೆನ್ನಾಗಿ ಸಂದು ತುಂಬಿದ ಪಡವೂ ಸೋರುತ್ತದೆ. ದಡದಲ್ಲಿ ಒಣಗಿ ಕುಗ್ಗಿದ ಹಲಗೆ ನೀರು ಕುಡಿದು ಹಿಗ್ಗಿದಾಗ ಸಂದು ತಾನಾಗಿಯೇ ಬಿಗಿಯುತ್ತದೆ. ಹೊಸಬ ಗಾಬರಿಗೊಳ್ಳುತ್ತಾನೆ, ಬಲ್ಲ ತಾಂಡೇಲ ನೀರು ಮೊಗೆಯಲು ಇಬ್ಬರನ್ನು ಕೂರಿಸಿ ಸುಮ್ಮನೆ ಕಾಯುತ್ತಾನೆ.

ಮೊಳೆಯೇ ಇಲ್ಲದ ಪಡವುಗಳೂ ಇದ್ದವು. ಹಲಗೆಗಳ ಅಂಚಿಗೆ ತೂತು ಕೊರೆದು ಕತ್ತದ ಹಗ್ಗದಿಂದ ಹೊಲಿಯುತ್ತಿದ್ದರು. 14ನೆಯ ಶತಮಾನದಲ್ಲಿ ಹೊನ್ನಾವರ, ಬಾರಕೂರು, ಮಂಗಳೂರುಗಳನ್ನು ಕಂಡ ಇಬ್ನ್ ಬತೂತ ಇಂಥ ಹಡಗುಗಳ ಗುಣವನ್ನು ಹೇಳಿದ್ದಾನೆ. ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದದ್ದು ಬಾಗಿ ಉಳಿಯುತ್ತದೆ ಎಂಬುದು ಅವನ ವಿವರಣೆ. ಆದರೆ ಆ ಬಾಗುವಿಕೆಗೆ ಬೆಲೆ ತೆರಬೇಕು. ಸಡಿಲವಾದ ಹೊಲಿಗೆಯನ್ನು ಬಿಚ್ಚಿ ಮತ್ತೆ ಹೊಲಿಯಬೇಕು, ಅದಕ್ಕೆ ಕತ್ತ ಬೇಕು.

ಕತ್ತದ ದೊಡ್ಡ ಮೂಲಗಳಲ್ಲಿ ಒಂದು ನಮ್ಮೆದುರಿನ ದ್ವೀಪಗಳು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಅಮಿನ್‌ದಿವಿ ದ್ವೀಪಗಳು 1799ರಲ್ಲಿ ಟಿಪ್ಪುವಿನ ಪತನದ ಬಳಿಕ ಇಂಗ್ಲಿಷರ ಕೈಸೇರಿ, ಮಂಗಳೂರಿನಿಂದ ಆಳಲ್ಪಟ್ಟವು. ಕತ್ತದ ವ್ಯಾಪಾರವನ್ನು ಸರಕಾರ ತನ್ನ ಏಕಸ್ವಾಮ್ಯದಲ್ಲಿಟ್ಟುಕೊಂಡಿತ್ತು. ದ್ವೀಪದವರು ತಮ್ಮ ಓಡಗಳಲ್ಲಿ ಕತ್ತ ತಂದು ಒಪ್ಪಿಸಿ ಅಕ್ಕಿ ಪಡೆದು ಮರಳುತ್ತಿದ್ದರು. ಕಾಸರಗೋಡಿನವರಾದ ನಾವು 1956ರ ನವೆಂಬರ್ 1ನ್ನು ನಮ್ಮ ತಾಲೂಕು ಕೇರಳಕ್ಕೆ ಸೇರಿದ ದಿನವೆಂದು ನೆನೆಯುತ್ತೇವೆ. ಅಮಿನ್‌ದಿವಿಯೂ ದಕ್ಷಿಣ ಕನ್ನಡವನ್ನು ಬಿಟ್ಟು ಕೇಂದ್ರಾಡಳಿತ ಪ್ರದೇಶದ ಭಾಗವಾದದ್ದು ಅದೇ ದಿನ. ಈ ಎರಡನೆಯ ಅಗಲಿಕೆಯ ಮಾತು ನಮ್ಮ ಸಭೆಗಳಲ್ಲಿ ಬರುವುದು ಅಪರೂಪ. ಗಡಿಯ ಚರ್ಚೆಯಲ್ಲಿ ನಾವು ನೆಲವನ್ನು ಮಾತ್ರ ಅಳೆಯುತ್ತೇವೆ.

ಕಡಲಿನ ಭಾಷೆಯನ್ನಂತೂ ಯಾವ ಆಯೋಗವೂ ವಿಂಗಡಿಸಲಾರದು. ಓಡ, ಪಡವು, ಹಾಯಿ, ಕೂವೆ ನಮ್ಮವು, ಲಂಗರು, ನಾಖುದ ಪಾರಸಿಯಿಂದ ಬಂದವು, ಖಲಾಸಿ ಅರಬ್ಬಿಯದು. ತುಳುವಿನ ಮೊಗವೀರ, ಮಲಯಾಳದ ಮಾಪಿಳ್ಳೆ, ಕೊಂಕಣಿಯ ಖಾರ್ವಿ ಒಂದೇ ಹಗ್ಗವನ್ನು ಎಳೆಯುವಾಗ ಹುಟ್ಟಿದ ಮಾತು ಅದು. ನಮ್ಮ ಶಾಲೆಗಳ ಪಠ್ಯದಲ್ಲಿ ನೇಗಿಲಿನ ಭಾಗಗಳಿಗೆ ಹೆಸರಿವೆ, ಪಡವಿನ ಭಾಗಗಳಿಗೆ ಇಲ್ಲ.

1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದಾಗ ಆ ಹೆಂಚು ದೂರದ ಬಂದರುಗಳನ್ನು ತಲಪಿದ್ದು ಇಂಥ ಹಾಯಿಗಳಿಂದಲೇ. 1907ರಲ್ಲಿ ಮಂಗಳೂರಿಗೆ ರೈಲು ಬಂತು, ದಂಡೆಯುದ್ದಕ್ಕೂ ಸಾಗುತ್ತಿದ್ದ ಸರಕು ಹಳಿಯೇರತೊಡಗಿತು. ಸ್ವಾತಂತ್ರ್ಯದ ತರುವಾಯ ದೋಣಿಗಳಿಗೆ ಯಂತ್ರ ಬಂತು, ಹಾಯಿ ಅಟ್ಟ ಸೇರಿತು. ಮೀನುಗಾರನ ತೋಳಿಗೆ ಅದರಿಂದ ಸಿಕ್ಕಿದ ಬಿಡುವನ್ನು ನಾವು ಹಳೆಯದರ ಮೋಹದಿಂದ ಅಲ್ಲಗಳೆಯಲಾರೆವು.

ಮಳೆಗಾಲ ಮಾತ್ರ ತನ್ನ ಹಕ್ಕನ್ನು ಬಿಟ್ಟಿಲ್ಲ. ಹಿಂದೆ ಗಾಳಿ ವಿಧಿಸುತ್ತಿದ್ದ ನಿಷೇಧವನ್ನು, ಮೀನು ಮರಿಯಿಡುವ ಕಾಲವೆಂಬ ಕಾರಣದಿಂದ, ಈಗ ಸರಕಾರ ವಿಧಿಸುತ್ತದೆ. ಕೇರಳದಲ್ಲಿ 1988ರಲ್ಲಿ ಆರಂಭವಾದ ಟ್ರಾಲಿಂಗ್ ನಿಷೇಧ ಈಗ 52 ದಿನಗಳದು; ಕರ್ನಾಟಕದಲ್ಲಿ ಯಾಂತ್ರಿಕ ದೋಣಿಗಳಿಗೆ 61 ದಿನ. ತಲಪಾಡಿಯ ಉತ್ತರದ ದೋಣಿಗಳು ಜೂನ್ 1ಕ್ಕೆ ದಡ ಸೇರಿದರೆ ದಕ್ಷಿಣದವು ಇನ್ನೂ ಒಂಬತ್ತು ದಿನ ಕಡಲಿನಲ್ಲಿರುತ್ತವೆ. ಜುಲೈ 31ರವರೆಗೆ ಎರಡೂ ಕಡೆ ತಳ ಹೆರೆಯುವ, ಬಣ್ಣ ಬಳಿಯುವ, ಬಲೆ ಹೆಣೆಯುವ ಕೆಲಸ ನಡೆದಿರುತ್ತದೆ. ಮಂಗಳೂರಿನ ಹಳೆಯ ಬಂದರಿನಲ್ಲಿ, ಮಳೆ ನಿಂತ ಮೇಲೆ, ಯಂತ್ರ ಜೋಡಿಸಿದ ಮಂಜಿಗಳು ಲಕ್ಷದ್ವೀಪಕ್ಕೆ ಸಾಮಾನು ತುಂಬಿಕೊಳ್ಳುತ್ತವೆ.